ಫ್ಲಾರೆನ್ಸಿನಲ್ಲಿ ಬರೀ ಸಾಕ್ಸಿನಲ್ಲಿ

ಕಳೆದ ತಿಂಗಳು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ನನ್ನ ಗಂಡನ ಷೂಗಳಿಗೆ ಕಾವಲು ಹಾಕಿದ್ದರು.

ಗಂಡನಿಗಲ್ಲ, ಷೂಗಳಿಗೆ. ಎಡಗಾಲಿನದರ ಮುಂದೆ ಒಬ್ಬ ಗಾರ್ಡ್, ಬಲಗಾಲಿನದರ ಮುಂದೆ ಇನ್ನೊಬ್ಬ. ಎರಡನ್ನೂ ಸೇರಿಸಿ ಸುತ್ತ ಕೆಂಪು ಬಿಳಿ ಪಟ್ಟೆಯ ಟೇಪು. ಟೇಪಿನ ಈಚೆ ಫೋನ್ ಎತ್ತಿ ಹಿಡಿದ ಪ್ರವಾಸಿಗರು. ಅವರ ಹಿಂದೆ ಬರೀ ಸಾಕ್ಸಿನಲ್ಲಿ ನಿಂತು, ಏನಾಯಿತಪ್ಪಾ ಅಂತ ಕತ್ತು ಉದ್ದ ಮಾಡಿ ನೋಡುತ್ತಿದ್ದವರು ನಮ್ಮ ಮನೆಯವರು. ಅದು ತಮ್ಮದೇ ಷೂ ಅಂತ ಅವರಿಗಿನ್ನೂ ಹೊಳೆದಿರಲಿಲ್ಲ.

ಹೇಗಾಯಿತು ಅಂತ ಹೇಳುತ್ತೇನೆ. ಅದಕ್ಕೆ ಮುಂಚೆ ಈ ಮನುಷ್ಯನ ಪರಿಚಯ ಆಗಬೇಕು. (ಹಳೆಯ ಓದುಗರಿಗೆ ಇವರ ಕಥೆ ಕೇಳಿ ಕೇಳಿ ಸಾಕಾಗಿದೆ, ಗೊತ್ತು. ಸ್ವಲ್ಪ ಸಹಿಸಿಕೊಳ್ಳಿ.)

ಶ್ರೀಧರ್ ಮೈಸೂರಿನವರು, ಸ್ಟ್ರಕ್ಚರಲ್ ಎಂಜಿನಿಯರ್. ಕ್ರೈಸ್ಟ್‌ಚರ್ಚ್ ಭೂಕಂಪದ ನಂತರ ನ್ಯೂಜಿಲೆಂಡಿನ ಹಳೆಯ ಕಟ್ಟಡಗಳ ಬಗ್ಗೆ ಎಲ್ಲರಿಗೂ ಒಂದು ಭಯ ಹಿಡಿಯಿತಲ್ಲ, ಆ ಭಯವೇ ಇವರ ಉದ್ಯೋಗ. ಹಳೆಯ ಇಟ್ಟಿಗೆ ಗೋಡೆಗೆ ಎಲ್ಲೆಲ್ಲಿ ಕಬ್ಬಿಣದ ಆಸರೆ ಕೊಟ್ಟರೆ ಭೂಮಿ ಅಲುಗಿದಾಗ ನಿಲ್ಲುತ್ತದೆ ಅಂತ ನೋಡುವ ಕೆಲಸ. ಆಫೀಸಿನಲ್ಲಿ ನೋಡಿಕೊಂಡು ಬಂದರೆ ನನ್ನದೇನೂ ತಕರಾರಿಲ್ಲ. ಆಕ್ಲೆಂಡಿನ ಅಂಚಿನಲ್ಲಿರುವ ನಮ್ಮ ಪಾಪಕುರಾದ ಮುಖ್ಯ ಬೀದಿಗೆ ತರಕಾರಿ ತರಲು ಹೋದಾಗಲೂ ಅದನ್ನೇ ನೋಡುತ್ತಾರೆ. ಮಳೆ ಬಂದರೆ ಊರಿನವರೆಲ್ಲ ಅಂಗಡಿಗಳ ಸೂರಿನ ಕೆಳಗೆ ನಿಲ್ಲುತ್ತಾರೆ. ನಾವಿಬ್ಬರು ಮಾತ್ರ ರಸ್ತೆಗಿಳಿದು ನೆನೆಯುತ್ತೇವೆ. ಯಾಕೆಂದರೆ ಆ ಗೋಡೆಯ ಮೇಲ್ತುದಿ ಇವರಿಗೆ ಸರಿ ಕಾಣುವುದಿಲ್ಲ.

ಇವರ ಇನ್ನೊಂದು ತಕರಾರು ಬರಿಗಾಲು. ಇಲ್ಲಿನ ಜನ ಸೂಪರ್‌ಮಾರ್ಕೆಟ್ಟಿಗೆ ಬರಿಗಾಲಲ್ಲಿ ಬರುತ್ತಾರೆ. ಡೇರಿ ಅನ್ನುವ ಮೂಲೆಯಂಗಡಿಗೆ ಹಾಲು ಬ್ರೆಡ್ಡು ಒಯ್ಯಲು ಬರಿಗಾಲು, ಪೆಟ್ರೋಲ್ ಹಾಕಿಸಲು ಬರಿಗಾಲು. ಬಡವರೇನಲ್ಲ, ದೊಡ್ಡ ಕಾರಿನಿಂದಲೇ ಇಳಿಯುತ್ತಾರೆ. ಹೊಸದಾಗಿ ಬಂದಾಗ ನಾವೆಲ್ಲ ಬೆರಗಾಗಿ ನೋಡಿದ್ದೆವು. ಉಳಿದವರಿಗೆ ಆ ಬೆರಗು ಕಳೆಯಿತು, ಇವರಿಗೆ ಕಳೆಯಲೇ ಇಲ್ಲ. 'ಅಂಗಡಿಗೆ ಬರೋಕೆ ಒಂದು ಚಪ್ಪಲಿ ಹಾಕ್ಕೊಳ್ಳೋಕೆ ಏನ್ ಕಷ್ಟ ಇವ್ರಿಗೆ?' ಅಂತ ಇವತ್ತಿಗೂ ಟ್ರಾಲಿ ತಳ್ಳುತ್ತಾ ಗೊಣಗುತ್ತಾರೆ. ನಮ್ಮ ಲೆಕ್ಕದಲ್ಲಿ ಬರಿಗಾಲು ಎಂದರೆ ಮನೆ, ಇಲ್ಲವೇ ದೇವಸ್ಥಾನ. ಮಧ್ಯೆ ಬೇರೆ ಜಾಗವೇ ಇಲ್ಲ.

ಇನ್ನು ಮಗಳು ನಿಧಿ. ಶಾಲೆಯ ಕೊನೆಯ ವರ್ಷ. ಹುಟ್ಟಿದ್ದು ಇಲ್ಲೇ. ಕನ್ನಡದಲ್ಲಿ ಬೈದರೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಶಾಲೆಯಲ್ಲಿ ಫಿಸಿಕ್ಸ್ ಜೊತೆಗೆ ಆರ್ಟ್ ಹಿಸ್ಟರಿ ಅಂತ ಒಂದು ಸಬ್ಜೆಕ್ಟ್ ತೆಗೆದುಕೊಂಡಳು. ಹವ್ಯಾಸಕ್ಕೆ ಇರಲಿ ಅಂದುಕೊಂಡೆವು. ಈ ವರ್ಷದ ಆರಂಭದಲ್ಲಿ ಒಂದು ದಿನ ಊಟದ ಮಧ್ಯೆ ಹೇಳಿದಳು, ವೆಲ್ಲಿಂಗ್ಟನ್‌ಗೆ ಹೋಗಿ ಅದನ್ನೇ ಡಿಗ್ರಿಗೆ ಓದುತ್ತೇನೆ, ಆಮೇಲೆ ಹಾಳಾದ ಹಳೆಯ ಚಿತ್ರಗಳನ್ನು ಸರಿಮಾಡುವ ಕೆಲಸ ಕಲಿಯುತ್ತೇನೆ ಅಂತ.

ಇವರು ಸಾರು ಬಡಿಸಿಕೊಂಡರು. 'ಎಂಜಿನಿಯರಿಂಗ್ ಆದ್ರೆ ಆಕ್ಲೆಂಡಲ್ಲೇ ಇದೆ. ಪಾಪಕುರಾದಲ್ಲಿ ಟ್ರೇನ್ ಹತ್ತಿದ್ರೆ ಬ್ರಿಟೋಮಾರ್ಟಲ್ಲಿ ಇಳಿದು ನಡ್ಕೊಂಡ್ ಹೋಗ್ಬಹುದು' ಅಂದರು. ಮಕ್ಕಳು ಏನು ಓದಬೇಕು ಅನ್ನುವುದನ್ನು ರೈಲ್ವೆಯವರು ತೀರ್ಮಾನಿಸುತ್ತಾರೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು.

ನಂತರ ಮನೆಯಲ್ಲಿ ಶೀತಲ ಸಮರ. ಮನೆಗೊಂದು ಅಡುಗೆ ತರುವ ಭಾನುವಾರದ ಪಾಟ್‌ಲಕ್ ಊಟಗಳಲ್ಲಿ ಕನ್ನಡದ ಅಂಕಲ್‌ಗಳೆಲ್ಲ ಇವರ ಪಕ್ಷ. 'ಹಿಸ್ಟರಿ ಓದಿದ್ರೆ ಕೆಲ್ಸ ಎಲ್ಲಮ್ಮ ಸಿಗುತ್ತೆ?' ಅಂತ ಚಿತ್ರಾನ್ನದ ತಟ್ಟೆ ಹಿಡಿದುಕೊಂಡು ನಿಧಿಯನ್ನು ಕೇಳುತ್ತಿದ್ದರು. ಆಕೆ ಅಲ್ಲಿ ನಗುತ್ತಿದ್ದಳು. ಆಮೇಲೆ ಕಾರಿನಲ್ಲಿ ನಗುತ್ತಿರಲಿಲ್ಲ.

ಅಷ್ಟರಲ್ಲಿ ಇವರ ಆಫೀಸಿನವರು ಹಳೆಯ ಕಲ್ಲು ಕಟ್ಟಡಗಳ ಮೇಲೆ ಏನೋ ಒಂದು ವರ್ಕ್‌ಶಾಪಿಗೆ ಇವರನ್ನು ಇಟಲಿಗೆ ಕಳಿಸಿದರು. ಜುಲೈ, ಇಲ್ಲಿನ ಮಕ್ಕಳಿಗೆ ಶಾಲೆ ರಜೆ. ನಾವಿಬ್ಬರೂ ಬಾಲಂಗೋಚಿಯ ಹಾಗೆ ಹಿಂದೆ ಹೊರಟೆವು. ಓದಿನ ವಿಷಯ ಏನಾಯಿತು ಅಂತ ಮಗಳು ಕೇಳಿದಾಗ ಇವರು, 'ಎಲ್ಲ ನೋಡ್ಕೊಂಡ್ ಬರೋಣ. ಬಂದ್ಮೇಲೆ ಕೂತು ಮಾತಾಡೋಣ' ಅಂದರು. (ನಮ್ಮ ಮನೆಯಲ್ಲಿ ಹೀಗೆಂದರೆ 'ಇಲ್ಲ' ಅಂತ ಅರ್ಥ. ನಿಮ್ಮ ಮನೆಯಲ್ಲೂ ಇರಬಹುದು.)

ನಿಧಿ ದಡ್ಡಿಯಲ್ಲ. ಪಾಪಕುರಾದಿಂದಲೇ ಒಂದು ಮ್ಯೂಸಿಯಮ್ಮಿನ ಟಿಕೆಟ್ ಬುಕ್ ಮಾಡಿದಳು. ಫ್ಲಾರೆನ್ಸಿನಲ್ಲಿ ನಮ್ಮ ಕೊನೆಯ ದಿನ, ಮಧ್ಯಾಹ್ನ ಎರಡು ಗಂಟೆಗೆ ಪ್ರವೇಶ. ಅಲ್ಲಿ ಅಪ್ಪನಿಗೆ ತೋರಿಸಬೇಕಾದ ಚಿತ್ರ ಒಂದಿದೆ ಅಂತ ನನ್ನ ಹತ್ತಿರ ಮಾತ್ರ ಹೇಳಿದ್ದಳು. ಮರದ ಹಲಗೆಯ ಮೇಲೆ ಬರೆದ ಒಬ್ಬ ತಾಯಿ, ಇಬ್ಬರು ಮಕ್ಕಳು. ಶತಮಾನಗಳ ಹಿಂದೆ ಆ ಚಿತ್ರವಿದ್ದ ಮನೆಯೇ ಕುಸಿದು ಬಿದ್ದು, ಹಲಗೆ ಚೂರುಚೂರಾಗಿತ್ತಂತೆ. ಅದನ್ನು ಜೋಡಿಸಿದ್ದಾರೆ. ನಮ್ಮ ಕಾಲದಲ್ಲಿ ಮತ್ತೆ ವರ್ಷಗಟ್ಟಲೆ ಕೂತು ಶುಚಿ ಮಾಡಿದ್ದಾರೆ.

ಕುಸಿದ ಮನೆ. ಒಡೆದ ಚಿತ್ರ. ಕಟ್ಟಡ ಕುಸಿಯದ ಹಾಗೆ ನೋಡಿಕೊಳ್ಳುವ ಅಪ್ಪ. ವಕೀಲರಿಗೆ ಹುಟ್ಟಬೇಕಿದ್ದ ಮಗಳು.

ಫ್ಲಾರೆನ್ಸ್ ಹೇಗಿದೆ ಅಂತ ಕೇಳುತ್ತೀರಾ? ಗೂಗಲ್ಲಿನಲ್ಲಿ ನೋಡಿ, ನನಗಿಂತ ಚೆನ್ನಾಗಿ ತೋರಿಸುತ್ತದೆ. ನಾನು ಹೇಳಬಲ್ಲದ್ದು ಇಷ್ಟೇ. ಇಡೀ ಊರು ಇಟ್ಟಿಗೆ, ಕಲ್ಲು, ಗಾರೆ. ಐದಾರು ನೂರು ವರ್ಷದ ಅರಮನೆಗಳ ನೆಲಮಹಡಿಯಲ್ಲಿ ಐಸ್‌ಕ್ರೀಮ್ ಅಂಗಡಿ. ಪಾಪಕುರಾದಲ್ಲಿ ಸೂರಿನ ಕೆಳಗೆ ನಿಲ್ಲದ ಮನುಷ್ಯನಿಗೆ ಇಲ್ಲಿ ನಿಲ್ಲಲು ಜಾಗವೇ ಇಲ್ಲ. ಮೊದಲ ದಿನ ಬೀದಿಯ ನಟ್ಟನಡುವೆ ನಡೆದರು. ಎರಡನೆಯ ದಿನ ಒಂದು ಸೈಕಲ್ ಗುದ್ದಿದ ಮೇಲೆ ಬದಿಗೆ ಬಂದರು.

ಆ ಊರಿನ ದೊಡ್ಡ ಚರ್ಚಿನ ಗುಮ್ಮಟವನ್ನು ನೀವೂ ಫೋಟೋದಲ್ಲಿ ನೋಡಿರುತ್ತೀರಿ. ಕೊನೆಯ ದಿನ ಬೆಳಿಗ್ಗೆ ಅದನ್ನು ಹತ್ತಿದೆವು. ಮೆಟ್ಟಿಲು ಎಷ್ಟು ಇಕ್ಕಟ್ಟೆಂದರೆ ಎದುರು ಬಂದವರ ಪರಿಚಯ ಮಾಡಿಕೊಂಡೇ ದಾಟಬೇಕು. ಮೇಲೆ ಗುಮ್ಮಟದ ಒಳಮೈಯಲ್ಲೆಲ್ಲ ಚಿತ್ರ. ನಿಧಿ ಚಿತ್ರ ನೋಡುತ್ತಿದ್ದಳು. ಇವರು ಚಿತ್ರದ ನಡುವೆ ಹಾದುಹೋದ ಬಿರುಕು ನೋಡುತ್ತಿದ್ದರು.

'ಆ ಕಾಲದಲ್ಲಿ ಇದನ್ನ ಕೆಳಗಿಂದ ಆಸರೆ ಕೊಡದೆ ಎಬ್ಬಿಸಿದ್ದಾರೆ ಕಣೇ' ಅಂದರು ನನಗೆ. ಧ್ವನಿ ಸ್ವಲ್ಪ ಗದ್ಗದವಾಗಿತ್ತು. ಮದುವೆಯಲ್ಲಿ ತಾಳಿ ಕಟ್ಟುವಾಗಲೂ ಆಗಿರಲಿಲ್ಲ.

'ಚಿತ್ರ ನೋಡಿ ರೀ.'

'ನೋಡ್ದೆ. ಚೆನ್ನಾಗಿದೆ. ಬಣ್ಣ ತಾನೇ.'

ನಿಧಿ ಕೇಳಿಸಿಕೊಂಡಳು. ಗಡಿಯಾರ ನೋಡಿಕೊಂಡಳು.

ಕೆಳಗಿಳಿದು ಏನೋ ತಿಂದು ಮ್ಯೂಸಿಯಮ್ಮಿನ ಕಡೆ ಹೊರಟೆವು. ದಾರಿಯಲ್ಲಿ ಒಂದು ಸಣ್ಣ ಚರ್ಚು. ಹೊರಗೆ ಸುಡುವ ಬಿಸಿಲು, ಬಾಗಿಲಿನಿಂದ ತಣ್ಣನೆ ಗಾಳಿ. ಐದು ನಿಮಿಷ ಕೂತು ಹೋಗೋಣ ಅಂತ ಒಳಗೆ ಹೋದೆವು. ಗೋಡೆಯ ಮೇಲೆ ಒಂದು ಹಳೆಯ ಚಿತ್ರ. ಮಗುವನ್ನು ಎತ್ತಿಕೊಂಡ ತಾಯಿ. ಅಂಥ ದೊಡ್ಡ ಹೆಸರಿನದೇನಲ್ಲ, ನಿಧಿಗೂ ಅದು ಯಾರದು ಅಂತ ಗೊತ್ತಿರಲಿಲ್ಲ. ಅದರ ಮುಂದೆ ಮೇಣದ ಬತ್ತಿಗಳು, ಮಂಡಿಯೂರಿ ಕೂತ ಒಬ್ಬ ಅಜ್ಜಿ. ಬೇರೆ ಯಾರೂ ಇಲ್ಲ.

ಇವರು ಸ್ವಲ್ಪ ಹೊತ್ತು ನಿಂತು ನೋಡಿದರು. 'ಬಂದೆ ಇರು' ಅಂತ ಹೊರಗೆ ಹೋದರು. ವಾಪಸ್ ಬಂದಾಗ ಕಾಲಲ್ಲಿ ಷೂ ಇರಲಿಲ್ಲ.

'ರೀ, ಇಲ್ಲಿ ಯಾರೂ ಬಿಚ್ಚಲ್ಲ' ಅಂತ ಪಿಸುಗುಟ್ಟಿದೆ.

'ಅವ್ರು ಬಿಚ್ಚದಿದ್ರೆ ಬೇಡ. ನಂಗ್ಯಾಕೋ ಹಾಕ್ಕೊಂಡು ನಿಲ್ಲೋಕಾಗ್ಲಿಲ್ಲ.'

ಅಷ್ಟೇ. ಕೈಯೇನೂ ಮುಗಿಯಲಿಲ್ಲ. ಅಜ್ಜಿಯ ಹಿಂದೆ ಕೈಕಟ್ಟಿ ನಿಂತರು. ನನಗೆ ಆ ಕ್ಷಣ ಈ ಮನುಷ್ಯನ ಮೇಲೆ ಪ್ರೀತಿ ಬಂತು, ಇದ್ದದ್ದನ್ನು ಹೇಳಿಬಿಡುತ್ತೇನೆ. ಆ ಪ್ರೀತಿ ಬಾಗಿಲವರೆಗೂ ಬಾಳಿತು.

ಹೊರಗೆ ಬಂದರೆ, ಟೇಪು ಮತ್ತು ಗಾರ್ಡುಗಳು.

ಈಗ ನೀವೇ ಹೇಳಿ. ಮೈಸೂರಿನಲ್ಲಿ ಬೆಳೆದವರು ದೇವಸ್ಥಾನದ ಮುಂದೆ ಹೊಸ ಷೂ ಹೇಗೆ ಬಿಡುತ್ತಾರೆ? ಜೋಡಿಯಾಗಿ ಬಿಡುತ್ತಾರಾ? ಒಂದು ಈ ಕಂಬದ ಹಿಂದೆ, ಇನ್ನೊಂದು ಆ ಕಂಬದ ಹಿಂದೆ. ಒಂಟಿ ಷೂ ಕದ್ದು ಯಾವ ಕಳ್ಳ ಏನು ಮಾಡುತ್ತಾನೆ? ಇನ್ನೂ ಜಾಣರಾದರೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಣ್ಣಿಗೆ ಬೀಳದ ಹಾಗೆ ಮೂಲೆಗೆ ತಳ್ಳುತ್ತಾರೆ. ನಮ್ಮವರು ಜಾಣರು. ಸೂಪರ್‌ಮಾರ್ಕೆಟ್ಟಿನ ಎರಡು ಚೀಲ ಮಡಚಿ ಯಾವಾಗಲೂ ಜೇಬಿನಲ್ಲಿ ಇಟ್ಟುಕೊಂಡಿರುತ್ತಾರೆ. ಎಡದ್ದಕ್ಕೊಂದು, ಬಲದ್ದಕ್ಕೊಂದು. ಗಂಟು ಬಿಗಿದು, ಬಾಗಿಲ ಎರಡೂ ಬದಿಗೆ.

ಅದನ್ನು ಆ ಊರಿನ ಗಾರ್ಡುಗಳ ಕಣ್ಣಿನಿಂದ ನೋಡಿ. ಯಾರೋ ಒಬ್ಬ ಪರದೇಶಿ ಬಂದ. ಅತ್ತಿತ್ತ ನೋಡಿದ. ಕಟ್ಟಿದ ಎರಡು ಗಂಟುಗಳನ್ನು ಎರಡು ಕಂಬಗಳ ಹಿಂದೆ ಅಡಗಿಸಿದ. ಒಳಗೆ ಮಾಯವಾದ. ಯುರೋಪಿನ ಈಗಿನ ದಿನಗಳಲ್ಲಿ! ನಮ್ಮೂರಲ್ಲಿ ವಾರಸುದಾರರಿಲ್ಲದ ಗಂಟು ಕಂಡರೆ ಆಸೆಯಾಗುತ್ತದೆ, ಅಲ್ಲಿ ಬಾಂಬಿನ ಭಯವಾಗುತ್ತದೆ.

'ಅವು ನನ್ನವು' ಅಂತ ಇವರು ಇಂಗ್ಲಿಷಿನಲ್ಲಿ ಹೇಳಿದರು. ಹಿರಿಯ ಗಾರ್ಡ್ ಇವರ ಸಾಕ್ಸ್ ನೋಡಿದ. ಪಾಸ್‌ಪೋರ್ಟ್ ಕೇಳಿದ. ಅದು ಹೋಟೆಲಿನಲ್ಲಿತ್ತು, ಹೋಟೆಲು ನದಿಯ ಆಚೆ. ಹಾಗಾದರೆ ಮೇಲಿನವರು ಬರಬೇಕು, ಬಿಚ್ಚಿ ನೋಡಬೇಕು, ಅಲ್ಲಿಯವರೆಗೆ ಯಾರೂ ಮುಟ್ಟುವಂತಿಲ್ಲ. ಕಾಯಿರಿ, ಇಲ್ಲ ಪಾಸ್‌ಪೋರ್ಟ್ ತಂದು ತೋರಿಸಿ ಒಯ್ಯಿರಿ. ಸಿಟ್ಟೇನೂ ಮಾಡಲಿಲ್ಲ, ಪಾಪ. ಮೇಲಿನವರು ಎಷ್ಟು ಹೊತ್ತಿಗೆ ಬರುತ್ತಾರೆ ಅಂದರೆ ಆಕಾಶ ನೋಡಿದ.

ಆಗಲೇ ಒಂದೂವರೆ ದಾಟಿತ್ತು.

'ಅಪ್ಪಾ, ವಿ ವಿಲ್ ಲೂಸ್ ದ ಸ್ಲಾಟ್' ಅಂದಳು ನಿಧಿ. ಆ ಮ್ಯೂಸಿಯಮ್ಮಿನಲ್ಲಿ ಹೊತ್ತು ಮೀರಿದರೆ ಟಿಕೆಟ್ ಕಸ. ಮರುದಿನ ಬೆಳಗ್ಗೆ ನಮ್ಮ ವಿಮಾನ. ಹುಡುಗಿಯ ಮುಖ ನೋಡಬೇಕಿತ್ತು. ಅಳುತ್ತಿರಲಿಲ್ಲ. ಅತ್ತಿದ್ದರೇ ಚೆನ್ನಾಗಿತ್ತು.

'ನೀವಿಬ್ರು ಹೋಗಿ' ಅಂದರು ಇವರು. 'ನಾನಿಲ್ಲಿ ಕಾಯ್ತೀನಿ.'

'ನೋ,' ಅಂದಳು. 'ಇಟ್ಸ್ ಫಾರ್ ಯು, ಅಪ್ಪಾ. ಇಫ್ ಯು ಡೋಂಟ್ ಕಮ್, ದೇರ್ ಈಸ್ ನೋ ಪಾಯಿಂಟ್.'

ಇವರು ಅವಳನ್ನು ನೋಡಿದರು. ಷೂ ಕಟ್ಟಿದ್ದ ಚೀಲಗಳನ್ನು ನೋಡಿದರು. ಹೊಸ ಷೂ, ಚರ್ಮದ್ದು, ಈ ವರ್ಕ್‌ಶಾಪಿಗೆಂದೇ ಕೊಂಡದ್ದು. 'ನಡೀರಿ' ಅಂದರು. ಗಾರ್ಡಿಗೆ ಆಮೇಲೆ ಬರುತ್ತೇನೆ ಅಂತ ಕೈಸನ್ನೆ ಮಾಡಿ ಹೊರಟೇಬಿಟ್ಟರು.

ಜುಲೈ ಬಿಸಿಲಿಗೆ ಆ ಊರಿನ ಕಲ್ಲುಹಾಸು ರೊಟ್ಟಿ ಬೇಯಿಸುವ ಹೆಂಚು. ಇವರ ಕಾಲಲ್ಲಿ ಪಾಪಕುರಾದ ಚಳಿಗೆ ಕೊಂಡ ಮೆರಿನೊ ಉಣ್ಣೆಯ ಸಾಕ್ಸ್. ನೆರಳು ಸಿಕ್ಕಲ್ಲೆಲ್ಲ ಗೋಡೆಗೆ ಅಂಟಿಕೊಂಡು ನಡೆದರು. ಗೋಡೆ ಎಷ್ಟು ಹಳೆಯದು ಅಂತ ಆಗ ನೋಡಲಿಲ್ಲ.

ದಾರಿಯಲ್ಲಿ ಒಂದು ತಳ್ಳುಗಾಡಿ. ಛತ್ರಿ, ಮ್ಯಾಗ್ನೆಟ್, ಏಪ್ರನ್, ರಬ್ಬರ್ ಚಪ್ಪಲಿ. ನ್ಯೂಜಿಲೆಂಡಿನಲ್ಲಿ ಜಾಂಡಲ್ಸ್ ಅನ್ನುತ್ತೇವಲ್ಲ, ಅದೇ. ಗಾಡಿಯವನು ಬಾಂಗ್ಲಾದೇಶದವನು, ಸಾಕ್ಸ್ ನೋಡಿದ್ದೇ ಹಿಂದಿಯಲ್ಲಿ ಸೈಜ್ ಕೇಳಿದ. ನನಗೆ ದೇವರೇ ಬಂದಷ್ಟು ಸಂತೋಷವಾಯಿತು. ಒಂದು ಜೊತೆ ಎತ್ತಿಕೊಟ್ಟ. ಕಾಲಿಡುವ ಜಾಗದಲ್ಲೇ ಒಂದು ಹಳೆಯ ಚಿತ್ರದ ಪ್ರಿಂಟು. ಕಣ್ಣು ಕೆಳಗೆ ಮಾಡಿದ ಒಬ್ಬ ತಾಯಿಯ ಮುಖ.

ಇವರು ಅದನ್ನು ವಾಪಸ್ ಇಟ್ಟರು. ಇನ್ನೊಂದು ಜೊತೆ ತೆಗೆದರು. ಅದರಲ್ಲಿ ರೆಕ್ಕೆಯ ಮಕ್ಕಳು. ಮತ್ತೊಂದರಲ್ಲಿ ಯಾರೋ ಸಂತ.

'ಪ್ಲೇನ್ ನಹೀಂ ಹೈ?'

ಇರಲಿಲ್ಲ. ಎಲ್ಲದರಲ್ಲೂ ಮುಖ.

'ಅಪ್ಪಾ, ಇಟ್ಸ್ ಜಸ್ಟ್ ಎ ಪ್ರಿಂಟ್. ಆನ್ ರಬ್ಬರ್,' ಅಂದಳು ನಿಧಿ. ಒಂದು ಕಣ್ಣು ಗಡಿಯಾರದ ಮೇಲಿತ್ತು.

'ಗೊತ್ತು ಮರಿ.' ಗೊತ್ತಿದ್ದೂ ಕಾಲು ಎತ್ತಲಿಲ್ಲ.

ನನಗೆ ರೇಗಿತು. 'ರೀ, ಅದೇನು ನಮ್ಮ ದೇವ್ರಲ್ವಲ್ಲ. ಹಾಕ್ಕೊಂಡ್ ಬನ್ನಿ.'

'ಯಾರ್ ದೇವ್ರಾದ್ರೇನು, ಮುಖ ಅಲ್ವಾ? ಅದರ್ ಮೇಲೆ ಕಾಲಿಡು ಅಂತೀಯಲ್ಲ.'

ನಿಜ ಹೇಳಬೇಕೆಂದರೆ ನನ್ನ ಕೈಲೂ ಆಗುತ್ತಿರಲಿಲ್ಲ. ನಮ್ಮ ಗರಾಜಿಗೆ ಬಂದು ನೋಡಿ. ಪ್ರತಿವರ್ಷ ಊರಿನಿಂದ ಬರುವ ದೇವರ ಕ್ಯಾಲೆಂಡರುಗಳು ಸುರುಳಿ ಸುತ್ತಿಕೊಂಡು ಒಂದು ರಾಶಿ ಬಿದ್ದಿವೆ. ಊರಲ್ಲಾದರೆ ಅರಳಿಕಟ್ಟೆಗೆ ಇಟ್ಟು ಬರಬಹುದಿತ್ತು. ಪಾಪಕುರಾದಲ್ಲಿ ಅರಳಿಕಟ್ಟೆ ಎಲ್ಲಿ? ರೀಸೈಕಲ್ ಡಬ್ಬಕ್ಕೆ ಹಾಕಲು ಕೈ ಬರುವುದಿಲ್ಲ. ಇಲ್ಲಿರುವ ಎಷ್ಟು ಕನ್ನಡದ ಮನೆಗಳ ಗರಾಜಿನಲ್ಲಿ ಇಂಥದೊಂದು ರಾಶಿ ಇಲ್ಲ, ಎದೆ ಮುಟ್ಟಿಕೊಂಡು ಹೇಳಿ.

ನಿಧಿ ಅಪ್ಪನ ಮುಖವನ್ನು, ಆ ಚಪ್ಪಲಿಗಳನ್ನು, ಮತ್ತೆ ಅಪ್ಪನ ಮುಖವನ್ನು ನೋಡಿದಳು. ಅಪ್ಪನ ಕೈ ಹಿಡಿದುಕೊಂಡು ನಡೆದಳು. ಅವಳು ಹಾಗೆ ಕೈ ಹಿಡಿದು ಯಾವ ಕಾಲವಾಗಿತ್ತೋ.

ಮ್ಯೂಸಿಯಮ್ಮಿನ ಬಾಗಿಲಲ್ಲಿ ಟಿಕೆಟ್ ನೋಡುವ ಹೆಂಗಸು ತಲೆ ಬಗ್ಗಿಸಿ ಇವರ ಕಾಲು ನೋಡಿದಳು. 'ಷೂಸ್?'

ಇವರಿಗೆ ಎಲ್ಲ ಕಥೆ ಹೇಳಲು ಹೊತ್ತಿರಲಿಲ್ಲ. 'ನ್ಯೂಜಿಲೆಂಡ್' ಅಂದರು.

ಅಷ್ಟು ವರ್ಷ ಟ್ರಾಲಿ ತಳ್ಳುತ್ತಾ ಬೈದ ಬಾಯಿ ಅದು. ಆ ಹೆಂಗಸು ನಿಟ್ಟುಸಿರು ಬಿಟ್ಟಳು. 'ಆಹ್. ರಗ್ಬಿ' ಅಂದು ಒಳಗೆ ಬಿಟ್ಟಳು. ಅದಕ್ಕೂ ಇದಕ್ಕೂ ಏನು ಸಂಬಂಧ ಅಂತ ನಾವು ಕೇಳಲು ಹೋಗಲಿಲ್ಲ.

ಒಳಗೆ ಎಷ್ಟು ಕೋಣೆಗಳು, ಎಷ್ಟು ಚಿನ್ನದ ಚೌಕಟ್ಟುಗಳು ಅಂತ ನನಗೆ ನೆನಪಿಲ್ಲ. ನಿಧಿ ಯಾವುದರ ಮುಂದೆಯೂ ನಿಲ್ಲದೆ ನಮ್ಮನ್ನು ನೇರ ಅಲ್ಲಿಗೆ ಎಳೆದುಕೊಂಡು ಹೋದಳು. ತಾಯಿ, ಅವಳ ಮಡಿಲ ಬಳಿ ಎರಡು ಮಕ್ಕಳು, ಒಂದು ಪುಟ್ಟ ಹಕ್ಕಿ. ನಿನ್ನೆ ಬರೆದಷ್ಟು ತಾಜಾ. ಮನೆ ಕುಸಿದದ್ದು, ಹಲಗೆ ಚೂರಾದದ್ದು, ಜೋಡಿಸಿದ್ದು, ಎಲ್ಲ ಕಥೆಯನ್ನು ತಗ್ಗಿದ ದನಿಯಲ್ಲಿ ಇಂಗ್ಲಿಷಿನಲ್ಲಿ ಹೇಳಿದಳು.

ಇವರು ಕನ್ನಡಕ ಹಣೆಗೆ ಏರಿಸಿ ಬಗ್ಗಿದರು. ಎಡದಿಂದ ನೋಡಿದರು, ಬಲದಿಂದ ನೋಡಿದರು. ಬಿರುಕು ಹುಡುಕುತ್ತಿದ್ದರು. ಕಾವಲಿನವನು ಕೆಮ್ಮಿದ. ಒಂದು ಹೆಜ್ಜೆ ಹಿಂದೆ ಬಂದು ಮತ್ತೆ ಹುಡುಕಿದರು.

'ಎಲ್ಲಿ ಜಾಯಿಂಟು? ಒಂದೂ ಕಾಣ್ತಿಲ್ವಲ್ಲ' ಅಂದರು. ಆಮೇಲೆ, ಯಾರಿಗೂ ಅಲ್ಲದ ಹಾಗೆ, 'ಇಂಥ ಕೆಲ್ಸ ಯಾರ್ ಮಾಡ್ತಾರೆ?'

'ನಾನು' ಅಂದಳು ನಿಧಿ. ಕನ್ನಡದಲ್ಲಿ.

ಇವರು ಅಲ್ಲಿದ್ದ ಬೆಂಚಿನ ಮೇಲೆ ಕೂತು ಕಾಲು ಒತ್ತಿಕೊಂಡರು. ಅಂಗಾಲು ಕೆಂಪಾಗಿತ್ತು.

ಸಂಜೆ ಪಾಸ್‌ಪೋರ್ಟ್ ತೋರಿಸಿ ಷೂ ಬಿಡಿಸಿಕೊಂಡು ಬಂದೆವು. ಅದೇ ಹಿರಿಯ ಗಾರ್ಡ್ ಎರಡನ್ನೂ ಒಂದೇ ಚೀಲಕ್ಕೆ ಹಾಕಿ ಕೊಟ್ಟ. ಮುಂದಿನ ಸಲ ಜೋಡಿಯಾಗಿ ಬಿಡಿ, ಯಾರೂ ಕದಿಯುವುದಿಲ್ಲ ಅಂದ.

ಪಾಪಕುರಾಕ್ಕೆ ಬಂದು ಮೂರು ವಾರವಾಯಿತು. 'ಬಂದ್ಮೇಲೆ ಕೂತು ಮಾತಾಡೋಣ' ಅಂದಿದ್ದರಲ್ಲ, ಇವತ್ತಿನವರೆಗೂ ಕೂತಿಲ್ಲ. ಆದರೆ ಮೊನ್ನೆ ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪಿನಲ್ಲಿ ಏನೋ ಹುಡುಕುತ್ತಿದ್ದರು. ಬಗ್ಗಿ ನೋಡಿದೆ. ವೆಲ್ಲಿಂಗ್ಟನ್‌ನ ಸ್ಟೂಡೆಂಟ್ ಹಾಸ್ಟೆಲುಗಳು. ಯಾವ ಕಟ್ಟಡ ಯಾವ ಇಸವಿಯದು, ಯಾವುದಕ್ಕೆ ಭೂಕಂಪದ ಆಸರೆ ಕೊಟ್ಟಿದ್ದಾರೆ, ಯಾವುದಕ್ಕಿಲ್ಲ.

'ಏನ್ರೀ ಇದು?'

'ಸುಮ್ನೆ ನೋಡ್ತಿದೀನಿ. ಆ ಊರೇ ಸರಿಯಿಲ್ಲ. ಬೆಟ್ಟದ ಮೇಲೆ ಬೆಟ್ಟ.'

ನಾನು ನಿಧಿಗೆ ಹೇಳಲಿಲ್ಲ. ಅವಳೇ ಕಾಫಿ ಲೋಟ ಇಡಲು ಬಂದು ನೋಡಿಕೊಂಡು ಹೋದಳು. ರೂಮಿನಿಂದ ಹಾಡು ಕೇಳಿಸಿತು.

ಹೋದ ಭಾನುವಾರ ಪಾಟ್‌ಲಕ್‌ನಲ್ಲಿ ಮತ್ತೆ ಅದೇ ಪ್ರಶ್ನೆ ಬಂತು. ಕೇಳಿದವರು ಮನೆಯ ನಾಲ್ಕು ಮೂಲೆಯಲ್ಲಿ ನಾಲ್ಕು ದೇವರ ಪಟ ಇಟ್ಟುಕೊಂಡ ಅಂಕಲ್. 'ಚಿತ್ರ ಗಿತ್ರ ಓದಿ ಏನ್ ಬರುತ್ತಪ್ಪಾ ಶ್ರೀಧರ?' ನಮ್ಮವರು ಹಪ್ಪಳ ಮುರಿಯುತ್ತಾ, 'ನಿಮ್ ಗರಾಜಲ್ಲಿ ಹಳೇ ಕ್ಯಾಲೆಂಡರ್ ಎಷ್ಟಿದೆ ಸಾರ್?' ಅಂತ ಕೇಳಿದರು. ಅಂಕಲ್‌ಗೆ ಅರ್ಥವಾಗಲಿಲ್ಲ. ಸಾಕಷ್ಟಿದೆ ಅಂದರು.

ಅದೇ ನನ್ನ ಪ್ರಶ್ನೆಯೂ. ಚಿತ್ರವನ್ನು ತುಳಿಯಲಾರದ, ಎಸೆಯಲಾರದ ನಾವು, ಮಗಳು ಅದನ್ನೇ ಓದುತ್ತೇನೆ ಅಂದರೆ ಬೇಡ ಅನ್ನುವುದು ಯಾವ ಬಾಯಿಂದ?